ಲಾಭ ಐತೆ, ಬಟವಾಡೆಗೆ ದುಡ್ಡಿಲ್ಲ: ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯ ಕೇಸ್

ವರ್ಷಕ್ಕೆ ಸುಮಾರು 72 ಲಕ್ಷ ವ್ಯಾಪಾರ ಮಾಡೋ ಒಂದು ಮಂಡಕ್ಕಿ ಭಟ್ಟಿ. ಅಪ್ಪನ ಕಾಲದಿಂದ ನಡ್ಕೊಂಡು ಬಂದಿರೋದು, ಮಾಲಿಗೆ ಒಳ್ಳೆ ಹೆಸರಿದೆ, ಗಿರಾಕಿಗೆ ಕೊರತೆ ಇಲ್ಲ, ಯಜಮಾನರ ಲೆಕ್ಕದಲ್ಲಿ ತಿಂಗಳಿಗೆ 60 ಸಾವಿರ ಉಳೀತದೆ. ಆದ್ರೆ ಶನಿವಾರ ಬಂತು ಅಂದ್ರೆ ಕೆಲಸದವರ ಬಟವಾಡೆಗೆ ಅಲ್ಲಿ ಇಲ್ಲಿ ಕೈಗಡ ತರಬೇಕು. "ಲಾಭ ಐತೆ, ದುಡ್ಡು ಎಲ್ಲಿ ಹೋಗ್ತತೋ ಗೊತ್ತಾಗವಲ್ದು" ಅನ್ನೋದು ಅವರ ಮಾತು. ಈ ಒಂದು ಮಾತು ಹಿಡ್ಕೊಂಡು ನಮ್ಮ ಎಂಬಿಎ ಸ್ಟೂಡೆಂಟ್ ಒಬ್ಬಳು ಮಾಡಿದ ಪ್ರಾಜೆಕ್ಟನ್ನ ಇಲ್ಲಿ ಪೂರ್ತಿ ಬರೀತಿದೀನಿ, ಯಾಕಂದ್ರೆ ನಮ್ಮ ಕಡೆ ಮ್ಯಾನೇಜ್‌ಮೆಂಟ್ ಓದೋ ಹುಡುಗರಿಗೆ ಇದಕ್ಕಿಂತ ಒಳ್ಳೆ ಪಾಠ ನಾನು ನೋಡಿಲ್ಲ. ಭಟ್ಟಿಯವರು ಹೆಸರು ಹಾಕೋದು ಬೇಡ ಅಂದಿದ್ದಾರೆ, ಅದಕ್ಕೇ ಹೆಸರಿಲ್ಲ, ಅಂಕಿಗಳನ್ನೂ ಸ್ವಲ್ಪ ಬದಲಾಯಿಸಿ ರೌಂಡ್ ಮಾಡಿದೀನಿ, ಲೆಕ್ಕದ ದಾರಿ ಮಾತ್ರ ಹಂಗೇ ಇದೆ.

ಮೊದಲು ಹುಡುಗಿ ಬಗ್ಗೆ ಎರಡು ಮಾತು. ನಮ್ಮದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗೆ ಬರೋ ಇಂಜಿನಿಯರಿಂಗ್ ಕಾಲೇಜು, ಅದರೊಳಗೇ ಎಂಬಿಎ ವಿಭಾಗ. ಪಿಜಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಬರೋರಲ್ಲಿ ಬಿಕಾಂ, ಬಿಬಿಎ ಮಾಡಿದವರ ಜೊತೆಗೆ ಬಿಇ ಮುಗಿಸಿದವರೂ ಇರ್ತಾರೆ. ಈಕೆ ಮೆಕ್ಯಾನಿಕಲ್ ಮುಗಿಸಿ ಬಂದವಳು. ಡೆಬಿಟ್ಟು ಕ್ರೆಡಿಟ್ಟು ಅಂದ್ರೆ ಮೊದಲ ಸೆಮಿಸ್ಟರಲ್ಲಿ ಮುಖ ಸಣ್ಣಗೆ ಮಾಡ್ಕೊಂಡು ಕೂರ್ತಿದ್ದಳು, ಆದ್ರೆ ಯಂತ್ರ ಹೆಂಗೆ ಓಡುತ್ತೆ, ಮಾಲು ಎಲ್ಲಿ ನಿಲ್ಲುತ್ತೆ ಅನ್ನೋದು ಕೇಳಿದ್ರೆ ಅವಳಷ್ಟು ಚೆನ್ನಾಗಿ ಹೇಳೋರು ಕ್ಲಾಸಲ್ಲಿ ಇರಲಿಲ್ಲ. ಪ್ರಾಜೆಕ್ಟ್ ಅಂದ ಕೂಡಲೇ ಬಹಳ ಹುಡುಗರು ಬೆಂಗಳೂರಿನ ದೊಡ್ಡ ಕಂಪನಿ ಲೆಟರ್‌ಹೆಡ್ ಹುಡುಕ್ತಾರೆ, ಸಿಕ್ತು ಅಂದ್ರೆ ನೂರು ಜನಕ್ಕೆ ಗೂಗಲ್ ಫಾರ್ಮ್ ಕಳ್ಸಿ 'ಬಹಳ ತೃಪ್ತಿ, ತೃಪ್ತಿ, ಪರವಾಗಿಲ್ಲ' ಅಂತ ಟಿಕ್ ಹಾಕಿಸಿ, ಪೈ ಚಾರ್ಟ್ ಬಿಡಿಸಿ, ಬೈಂಡ್ ಮಾಡಿ ಕೊಡ್ತಾರೆ. ಅದರಿಂದ ಕಂಪನಿಗೂ ಉಪಯೋಗ ಇಲ್ಲ ಹುಡುಗರಿಗೂ ಇಲ್ಲ, ಇದನ್ನ ನಾನು ಡಿಪಾರ್ಟ್‌ಮೆಂಟಲ್ಲೂ ಹೇಳ್ತಾನೇ ಬಂದಿದೀನಿ. ಈಕೆ ಮನೆ ಹತ್ರದ ಭಟ್ಟಿನೇ ತಗೋತೀನಿ ಅಂದಾಗ ನನಗೆ ನಿಜವಾಗಲೂ ಖುಷಿ ಆಯ್ತು.

ಭಟ್ಟಿ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ದುಡ್ಡಿನ ಕಥೆ ಇದರೊಳಗೇ ಕೂತಿದೆ. ಭತ್ತ ತರೋದು, ನೆನೆ ಹಾಕೋದು, ಬೇಯಿಸೋದು, ಬಿಸಿಲಿಗೆ ಹರವಿ ಒಣಗಿಸೋದು, ಮಿಲ್ಲಿಗೆ ಹಾಕಿ ಹೊಟ್ಟು ತೆಗೆಯೋದು, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕೆಂಪಗೆ ಕಾದ ಮರಳಲ್ಲಿ ಹುರಿಯೋದು, ಅಕ್ಕಿ ಉಬ್ಬಿ ಮಂಡಕ್ಕಿ ಆದ ತಕ್ಷಣ ಜರಡಿ ಹಿಡಿದು ಮರಳು ಬೇರೆ ಮಾಡೋದು. ಒಂದು ಕ್ಷಣ ತಡ ಆದ್ರೂ ಕರಕಲು. ಆದ ಮಂಡಕ್ಕಿನ ಹಂಗೇ ಗುಡ್ಡೆ ಹಾಕಿ ಇಟ್ಕೊಳ್ಳೋಕೆ ಆಗಲ್ಲ, ಗಾಳಿ ಆಡಿದ್ರೆ ಮೆತ್ತಗಾಗುತ್ತೆ, ಮಳೆಗಾಲದಲ್ಲಂತೂ ಕೇಳೋದೇ ಬೇಡ, ಜೊತೆಗೆ ತೂಕ ಇಲ್ಲದಿದ್ರೂ ಜಾಗ ಬಹಳ ತಿನ್ನುತ್ತೆ. ಹಂಗಾಗಿ ಸ್ಟಾಕ್ ಇಟ್ಕೋಬೇಕು ಅಂದ್ರೆ ಭತ್ತದ ರೂಪದಲ್ಲೇ ಇಟ್ಕೋಬೇಕು. ಭತ್ತ ಬರೋದು ಭದ್ರಾ ಅಚ್ಚುಕಟ್ಟಿಂದ, ಮಳೆಗಾಲದ ಬೆಳೆ ನವೆಂಬರ್ ಡಿಸೆಂಬರ್ ಹೊತ್ತಿಗೆ, ಬೇಸಿಗೆ ಬೆಳೆ ಮೇ ಸುಮಾರಿಗೆ. ಆಗ ರೇಟ್ ಕಮ್ಮಿ, ಆಗಲೇ ತುಂಬ್ಕೋಬೇಕು ಅಂತ ಎಲ್ಲರೂ ಹೋಗ್ತಾರೆ.

ಹುಡುಗಿ ಮೊದಲು ತಂದ ಡ್ರಾಫ್ಟ್ ನೋಡಿದ್ರೆ ಯಾವ ಕಾಲೇಜಿನ ಯಾವ ರಿಪೋರ್ಟ್ ಬೇಕಾದ್ರೂ ಆಗಬಹುದಿತ್ತು. ಸ್ವಾಟ್ ಅನಾಲಿಸಿಸ್ (ವ್ಯಾಪಾರದ ಬಲ, ದೌರ್ಬಲ್ಯ, ಅವಕಾಶ, ಅಪಾಯದ ಪಟ್ಟಿ) ಒಂದು ಪೇಜು, ಆಮೇಲೆ ಸಲಹೆಗಳು: ಮಂಡಕ್ಕಿಗೆ ಒಂದು ಬ್ರ್ಯಾಂಡ್ ಹೆಸರಿಡಬೇಕು, ಅರ್ಧ ಕೇಜಿ ಪೌಚ್ ಮಾಡಬೇಕು, ಇನ್‌ಸ್ಟಾಗ್ರಾಮಲ್ಲಿ ಹಾಕಬೇಕು, ಸೂಪರ್ ಮಾರ್ಕೆಟಿಗೆ ಸಪ್ಲೈ ಮಾಡಬೇಕು. ಯಜಮಾನರು ಅದನ್ನ ಕೇಳಿಸ್ಕೊಂಡು, "ಆತು ಬಿಡವ್ವಾ, ಚೊಲೋ ಐತೆ. ಆದ್ರ ಈ ಶನಿವಾರದ ಬಟವಾಡೆಗೆ ಏನ್ ಮಾಡ್ಲಿ ಅದನ್ನ ಹೇಳು" ಅಂದರಂತೆ. ಅಲ್ಲಿಗೆ ಡ್ರಾಫ್ಟ್ ಮುಗೀತು.

ಪೌಚಿನ ವಿಷಯನ ಹಂಗೇ ಬಿಡೋದು ಬೇಡ ಅಂತ ಅದನ್ನೇ ಲೆಕ್ಕ ಹಾಕಿಸಿದೆ. ಚೀಲದಲ್ಲಿ ಬಿಡಿಯಾಗಿ ಮಾರೋ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ. ಆದ್ರೆ 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮಂಡಕ್ಕಿಗೆ 5 ಪರ್ಸೆಂಟ್ ಇದೆ. ಅದರ ಜೊತೆ ಲೇಬಲ್ ಮೇಲೆ ತೂಕ, ಎಂಆರ್‌ಪಿ, ತಯಾರಿಸಿದ ಇಲ್ಲಾ ಪ್ಯಾಕ್ ಮಾಡಿದ ತಾರೀಖು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಲೈಸೆನ್ಸ್ ನಂಬರ್ ಎಲ್ಲಾ ಬರಬೇಕು, ಪ್ರಿಂಟ್ ಹಾಕಿದ ಪ್ಲಾಸ್ಟಿಕ್ ರೋಲನ್ನ ಒಂದೇ ಸಲಕ್ಕೆ ಜಾಸ್ತಿ ತರಬೇಕು, ಪ್ಯಾಕಿಂಗ್ ಮಷಿನ್ ಬೇಕು, ಮತ್ತೆ ದೊಡ್ಡ ಅಂಗಡಿಯವರು ದುಡ್ಡು ಕೊಡೋದು ಮಾಲು ಹೋಗಿ ಒಂದೆರಡು ತಿಂಗಳಿಗೆ. ಕೈಯಲ್ಲಿ ದುಡ್ಡು ಇಲ್ಲ ಅಂತ ಒದ್ದಾಡ್ತಿರೋ ಮನುಷ್ಯನಿಗೆ ಇನ್ನೂ ಜಾಸ್ತಿ ದುಡ್ಡು ಕಟ್ಟಿ ಹಾಕೋ ಸಲಹೆ ಅದು. ಬ್ರ್ಯಾಂಡಿಂಗ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಆದ್ರೆ ಅದಕ್ಕೆ ಮುಂಚೆ ಈಗಿರೋ ದುಡ್ಡು ಎಲ್ಲಿ ನಿಂತಿದೆ ಅಂತ ಗೊತ್ತಾಗಬೇಕು.

ಆಮೇಲೆ ಅವಳಿಗೆ ಒಂದೇ ಕೆಲಸ ಕೊಟ್ಟೆ. ಕಿರ್ದಿ ಪುಸ್ತಕ ತಗೋ, ಹೋದ ಒಂದು ವರ್ಷದ್ದು. ಪ್ರತಿ ಖರೀದಿಗೆ, ಪ್ರತಿ ಮಾರಾಟಕ್ಕೆ ಎರಡು ತಾರೀಖು ಬರಿ, ಮಾಲು ಓಡಾಡಿದ ತಾರೀಖು, ದುಡ್ಡು ಓಡಾಡಿದ ತಾರೀಖು. ಬೇರೆ ಏನೂ ಬೇಡ. ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಯಜಮಾನರ ಕಿರ್ದಿ ಉದ್ದನೆಯ ಕೆಂಪು ಬೈಂಡಿನ ಪುಸ್ತಕ, ಎಡಕ್ಕೆ ಜಮಾ ಬಲಕ್ಕೆ ಖರ್ಚು, ಕೆಲವು ಕಡೆ ಊರ ಹೆಸರು ಮಾತ್ರ, ಕೆಲವು ಕಡೆ 'ಬಾಬ್ತು ಹಳೇದು' ಅಂತ ಅಷ್ಟೇ ಇರುತ್ತೆ, ಯಾವ ಲೋಡಿನ ದುಡ್ಡು ಅಂತ ಬರೆದಿರಲ್ಲ, ಅರ್ಧ ದುಡ್ಡು ಫೋನ್‌ಪೇಯಲ್ಲಿ ಮಗನ ಅಕೌಂಟಿಗೆ ಬಂದಿರುತ್ತೆ. ಹುಡುಗಿ ಮಧ್ಯಾಹ್ನದ ಹೊತ್ತು ಭಟ್ಟಿ ಪಕ್ಕದ ಶೆಡ್ಡಲ್ಲಿ ಕೂತು, ಯಜಮಾನರನ್ನ ಕೇಳ್ತಾ, ಮಗನ ಮೊಬೈಲಲ್ಲಿ ಸ್ಟೇಟ್‌ಮೆಂಟ್ ತೆಗೀತಾ, ಸಾಲು ಸಾಲಾಗಿ ಎಕ್ಸೆಲ್ಲಿಗೆ ಹಾಕಿದಳು. ಪುಟ ತಿರುಗಿಸಿದ್ರೆ ಬೂದಿ ಉದುರೋದು ಸರ್ ಅಂತ ಬಂದು ಹೇಳೋಳು. ಶುರುವಲ್ಲಿ ಯಜಮಾನರಿಗೆ ಸ್ವಲ್ಪ ಅನುಮಾನ ಇತ್ತು, ಇಷ್ಟೆಲ್ಲಾ ಯಾಕೆ ಈ ಹುಡುಗಿಗೆ ಅಂತ, ಆಮೇಲಾಮೇಲೆ ಅವರೇ "ಇದು ಬಿಟ್ಟೀಯಲ್ಲವ್ವಾ" ಅಂತ ಬೆರಳಿಟ್ಟು ತೋರ್ಸೋಕೆ ಶುರು ಮಾಡಿದ್ರು.

ಈಗ ಲೆಕ್ಕ. ದಿನಕ್ಕೆ ಸರಾಸರಿ 20 ಸಾವಿರದ ಮಾರಾಟ, 12 ಸಾವಿರದ ಭತ್ತ ಖರ್ಚಾಗುತ್ತೆ. ತಂದ ಭತ್ತ ಸರಾಸರಿ 75 ದಿನ ಗೋಡೌನಲ್ಲಿ ಕೂರುತ್ತೆ, ಅಂದ್ರೆ 9 ಲಕ್ಷ ಅಲ್ಲೇ. ನೆನೆ ಹಾಕಿದಲ್ಲಿಂದ ಚೀಲ ಹೊಲಿಯೋ ತನಕ 4 ದಿನ, ಅದರಲ್ಲಿ ಭತ್ತದ ಜೊತೆ ಬೇರೆ ಖರ್ಚೂ ಸೇರಿ ಸುಮಾರು 60 ಸಾವಿರ. ಮಾರಿದ ಮೇಲೆ ದುಡ್ಡು ಬರೋಕೆ ಸರಾಸರಿ 48 ದಿನ, ಅಂದ್ರೆ 9 ಲಕ್ಷ 60 ಸಾವಿರ ಉದ್ರಿಯಲ್ಲಿ. ಇವರು ದಲಾಲಿ ಅಂಗಡಿಗೆ ಭತ್ತದ ದುಡ್ಡು ಕೊಡೋದು 10 ದಿನದೊಳಗೆ, ಅಷ್ಟು ಮಟ್ಟಿಗೆ 1 ಲಕ್ಷ 20 ಸಾವಿರ ಬೇರೆಯವರ ದುಡ್ಡು. ಎಲ್ಲಾ ಕೂಡಿ ಕಳೆದ್ರೆ 18 ಲಕ್ಷ ಯಾವಾಗಲೂ ಒಳಗೇ ಸಿಕ್ಕಿಹಾಕ್ಕೊಂಡಿರುತ್ತೆ. ಭತ್ತಕ್ಕೆ ಕೊಟ್ಟ ಒಂದು ರೂಪಾಯಿ ವಾಪಸ್ ಕೈಗೆ ಬರೋಕೆ 75 ಮತ್ತೆ 4 ಮತ್ತೆ 48, ಅದರಲ್ಲಿ 10 ಕಳೆದ್ರೆ 117 ದಿನ. ಹೆಚ್ಚು ಕಮ್ಮಿ ನಾಲ್ಕು ತಿಂಗಳು, ಬಟವಾಡೆ ಮಾತ್ರ ಪ್ರತಿ ಶನಿವಾರ.

ಇದನ್ನ ಫೈನಾನ್ಸ್ ಪುಸ್ತಕದಲ್ಲಿ ಕ್ಯಾಶ್ ಕನ್ವರ್ಷನ್ ಸೈಕಲ್ ಅಂತಾರೆ, ಅವಳು ಅದನ್ನ ಪರೀಕ್ಷೆಗೆ ಬಾಯಿಪಾಠ ಮಾಡಿದ್ದಳು. ಅರ್ಥ ಆಗಿದ್ದು ಮಾತ್ರ ಆಪರೇಷನ್ಸ್ ಕ್ಲಾಸಿನ ಲಿಟಲ್ಸ್ ಲಾ ಇಂದ. 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ ಸೂತ್ರ, ಒಳಗೆ ನಿಂತಿರೋದು ಎಷ್ಟು ಅಂದ್ರೆ ಹರಿಯೋ ವೇಗ ಗುಣಿಸು ಒಳಗಿರೋ ಕಾಲ. ಕ್ಯೂ ನಿಂತ ಜನಕ್ಕೂ ಅದೇ, ಶಾಪ್ ಫ್ಲೋರಲ್ಲಿ ನಿಂತ ಮಾಲಿಗೂ ಅದೇ. ದಿನಕ್ಕೆ 20 ಸಾವಿರ, 48 ದಿನ, ಒಳಗೆ ನಿಂತಿದ್ದು 9.6 ಲಕ್ಷ. "ಸರ್, ಇದು ದುಡ್ಡಲ್ಲ, ಫ್ಲೋ" ಅಂದಳು. ಟೆಕ್ನಿಕಲ್ ಕಾಲೇಜಲ್ಲಿ ಎಂಬಿಎ ಓದೋದ್ರಿಂದ ಏನು ಲಾಭ ಅಂತ ಕೇಳೋರಿಗೆ ನನ್ನ ಉತ್ತರ ಇದೇ, ಅವಳು ಇಂಜಿನಿಯರಿಂಗ್ ಮರೆತು ಮ್ಯಾನೇಜ್‌ಮೆಂಟ್ ಕಲಿಯಲಿಲ್ಲ, ಅದನ್ನೇ ಹಿಡ್ಕೊಂಡು ಕಲಿತಳು.

18 ಲಕ್ಷಕ್ಕೆ ದುಡ್ಡು ಎಲ್ಲಿಂದ ಅಂದ್ರೆ ಸ್ವಂತದ್ದು 5 ಲಕ್ಷ, ಬ್ಯಾಂಕ್ ಸಿಸಿ (ಕ್ಯಾಶ್ ಕ್ರೆಡಿಟ್, ಲಿಮಿಟ್ ಒಳಗೆ ಬೇಕಾದಾಗ ತೆಗೆಯೋ ಸಾಲ) 8 ಲಕ್ಷ, ಉಳಿದ 5 ಲಕ್ಷ ಕೈಸಾಲ, ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ. ಸಿಸಿಗೆ ತಿಂಗಳಿಗೆ 7 ಸಾವಿರ, ಕೈಸಾಲಕ್ಕೆ 10 ಸಾವಿರ. 60 ಸಾವಿರ ಲಾಭ ಅಂತಿದ್ರಲ್ಲ, ಅದು ಬಡ್ಡಿ ಕಟ್ಟೋಕೆ ಮುಂಚೆ. ಮನೆ ಖರ್ಚಿಗೆ 35 ಸಾವಿರ ತೆಗೆದ್ರೆ ಉಳಿಯೋದು 8 ಸಾವಿರ. ಒಂದು ಲೋಡಿನ ದುಡ್ಡು ಒಂದು ವಾರ ತಡ ಆದ್ರೆ ಅದೂ ಸಾಕಾಗಲ್ಲ.

ಇಲ್ಲಿವರೆಗೂ ಸರಾಸರಿ ಮಾತು. ನಿಜವಾದ ವಿಷಯ ಸಿಕ್ಕಿದ್ದು ಆ 48 ದಿನನ ಒಡೆದು ನೋಡಿದಾಗ. ಊರೊಳಗಿನ ಕಿರಾಣಿ ಅಂಗಡಿ, ಮಿರ್ಚಿ ಮಂಡಕ್ಕಿ ಗಾಡಿಯವರು, ಹರಿಹರ ಕಡೆಯ ಸಣ್ಣ ಗಿರಾಕಿಗಳು ಎಲ್ಲಾ ಸೇರಿ ದಿನಕ್ಕೆ 12 ಸಾವಿರ, ಇವರ ದುಡ್ಡು ಸರಾಸರಿ 27 ದಿನಕ್ಕೆ ಬರ್ತಿತ್ತು, ಗಾಡಿಯವರಂತೂ ವಾರ ವಾರ ಚುಕ್ತಾ. ಇನ್ನುಳಿದ 8 ಸಾವಿರ ಹೊರಗಿನ ಊರಿನ ಮೂರು ಹೋಲ್‌ಸೇಲ್ ಅಂಗಡಿಗಳದ್ದು, ಅವರ ಸರಾಸರಿ 80 ದಿನ. ಅಂದ್ರೆ 9.6 ಲಕ್ಷ ಉದ್ರಿಯಲ್ಲಿ 6.4 ಲಕ್ಷ ಮೂರೇ ಜನರ ಹತ್ರ. ಯಜಮಾನರ ಪ್ರಕಾರ ಈ ಮೂವರೇ ಒಳ್ಳೆ ಗಿರಾಕಿ, ಲೋಡ್ ಲೋಡೇ ಎತ್ತುತ್ತಾರೆ, ಚೌಕಾಸಿ ಕಿರಿಕಿರಿ ಇಲ್ಲ, ಅದಕ್ಕೆ ನೂರಕ್ಕೆ 4 ರೂಪಾಯಿ ರೇಟೂ ಕಮ್ಮಿ ಮಾಡಿದ್ರು.

ಹುಡುಗಿ ಲೆಕ್ಕ ಹಾಕಿದ್ದು ಹಿಂಗೆ. ನೂರು ರೂಪಾಯಿ ಮಾಲು, ಇವರಿಗೆ 96. ಎಲ್ಲಾ ಖರ್ಚು ಸೇರಿ 90. ಉಳಿದಿದ್ದು 6. ಆ 96 ರೂಪಾಯಿ 80 ದಿನ ಅವರ ಹತ್ರ ಇರುತ್ತೆ, ನಮ್ಮ ಕೈಸಾಲದ ಬಡ್ಡಿಯಲ್ಲಿ ಅದಕ್ಕೆ 5 ರೂಪಾಯಿ 12 ಪೈಸೆ. ಕೊನೆಗೆ ಉಳಿಯೋದು 88 ಪೈಸೆ. ಇದನ್ನ ತೋರಿಸಿದಾಗ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲವಂತೆ, ಆಮೇಲೆ "ಹಂಗಾದ್ರ ಇಷ್ಟ್ ವರ್ಷ ಅವರ ಅಂಗಡಿಗೆ ನಾನ ಬಂಡವಾಳ ಹಾಕೀನಿ" ಅಂದರು.

ಆಯ್ತಲ್ಲ, ಮೂವರನ್ನೂ ಬಿಟ್ಟುಬಿಡೋದು ಅಂತ ಹುಡುಗಿ ರಿಪೋರ್ಟಲ್ಲಿ ಬರೆದಿದ್ದಳು. ಇಲ್ಲಿ ತಡೆದೆ. ಆ 90 ರೂಪಾಯಿ ಖರ್ಚಲ್ಲಿ ಭತ್ತ 60, ಉರುವಲು, ಚೀಲ, ಹಮಾಲಿ, ಲಾರಿ ಬಾಡಿಗೆ 15, ಉಳಿದ 15 ಕಾಯಂ ಕೆಲಸದವರ ಕೂಲಿ, ಶೆಡ್ ಬಾಡಿಗೆ, ಕರೆಂಟು. ಈ ಮೂವರನ್ನ ಬಿಟ್ರೆ 75 ರೂಪಾಯಿ ಖರ್ಚು ನಿಲ್ಲುತ್ತೆ, 15 ನಿಲ್ಲಲ್ಲ. ಅಂದ್ರೆ 96ರಲ್ಲಿ 75 ಕಳೆದು ಅವರು ಪ್ರತಿ ನೂರಕ್ಕೆ 21 ರೂಪಾಯಿ ಭಟ್ಟಿಗೆ ಕೊಡ್ತಿದ್ದಾರೆ. ಮೂವರದ್ದು ಸೇರಿ ತಿಂಗಳಿಗೆ 52 ಸಾವಿರ ಚಿಲ್ಲರೆ ಕೈಬಿಟ್ಟು ಹೋಗುತ್ತೆ, ಉಳಿತಾಯ ಆಗೋ ಬಡ್ಡಿ ಸುಮಾರು 11 ಸಾವಿರ. ಭಟ್ಟಿ ಅರ್ಧ ಹೊತ್ತು ಖಾಲಿ ಕೂರುತ್ತೆ, ಭಟ್ಟಿ ಮುಂದೆ ಬೆಂಕಿ ಝಳದಲ್ಲಿ ನಿಲ್ಲೋ ಜನಕ್ಕೆ ಕೆಲಸ ಇರಲ್ಲ. ಒಂದೇ ಗಿರಾಕಿ, ಒಂದು ಲೆಕ್ಕದಲ್ಲಿ 88 ಪೈಸೆ, ಇನ್ನೊಂದು ಲೆಕ್ಕದಲ್ಲಿ ಬಡ್ಡಿ ಕಳೆದೂ ಸುಮಾರು 16 ರೂಪಾಯಿ. ಎರಡೂ ಸರಿ. ಯಾವ ಪ್ರಶ್ನೆಗೆ ಯಾವ ಲೆಕ್ಕ ಅಂತ ಗೊತ್ತಾಗೋದೇ ಮ್ಯಾನೇಜ್‌ಮೆಂಟ್ ಓದು, ನನ್ನ ಪ್ರಕಾರ. ಬಿಡೋದಾ ಬೇಡವಾ ಅನ್ನೋದಕ್ಕೆ ಎರಡನೇ ಲೆಕ್ಕ, ರೇಟೂ ವಾಯ್ದೆನೂ ಹೆಂಗಿರಬೇಕು ಅನ್ನೋದಕ್ಕೆ ಮೊದಲನೇದು.

ಕಾನೂನಿನ ದಾರಿನೂ ನೋಡಿದ್ವಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದ ಹತ್ರ ಮಾಲು ತಗೊಂಡವರು ಬರವಣಿಗೆ ಒಪ್ಪಂದ ಇಲ್ಲದಿದ್ರೆ 15 ದಿನಕ್ಕೆ, ಇದ್ರೂ 45 ದಿನ ಮೀರದ ಹಂಗೆ ದುಡ್ಡು ಕೊಡಬೇಕು, ತಪ್ಪಿದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಭಟ್ಟಿಗೆ ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದ ನೋಂದಣಿ) ಮಾಡಿಸಿದ್ದಾಯ್ತು, ಅದು ಬೇಕೇ ಬೇಕು. ಆದ್ರೆ ವರ್ಷಗಟ್ಟಲೆ ಮುಖ ನೋಡಿ ವ್ಯಾಪಾರ ಮಾಡಿದವರ ಮುಂದೆ ಕಾಯ್ದೆ ಹಿಡ್ಕೊಂಡು ಹೋದ್ರೆ ಆ ದುಡ್ಡು ಬರಬಹುದು, ಗಿರಾಕಿ ಮತ್ತೆ ಬರಲ್ಲ. ಅದನ್ನ ಕೊನೇ ಅಸ್ತ್ರ ಅಂತ ಇಟ್ಕೊಂಡ್ವಿ.

ಕೊನೆಗೆ ಯಜಮಾನರು ಮೂವರಿಗೂ ಎರಡು ದಾರಿ ಇಟ್ಟರು, 15 ದಿನದಲ್ಲಿ ಕೊಟ್ರೆ ಇನ್ನೂ ನೂರಕ್ಕೆ 2 ರೂಪಾಯಿ ಬಿಡ್ತೀನಿ, ಇಲ್ಲಾಂದ್ರೆ ಹಿಂದಿನ ಲೋಡಿನ ದುಡ್ಡು ಬಂದ ಮೇಲೇನೇ ಮುಂದಿನ ಲೋಡು. 2 ರೂಪಾಯಿ ಬಿಟ್ರೆ ನಷ್ಟ ಅಲ್ವಾ ಅಂತ ಮಗ ಕೇಳಿದ. 80 ದಿನದಿಂದ 15ಕ್ಕೆ ಬಂದ್ರೆ 65 ದಿನದ ಬಡ್ಡಿ ಉಳೀತು, ಅದೇ 4 ರೂಪಾಯಿ ಮೇಲೆ ಆಗುತ್ತೆ, ಹಂಗಾಗಿ ನಷ್ಟ ಅಲ್ಲ.

ಒಬ್ಬರು ರಿಯಾಯಿತಿ ತಗೊಂಡರು. ಒಬ್ಬರು ಗೊಣಗಿಕೊಂಡೇ ಎರಡನೇದಕ್ಕೆ ಒಪ್ಪಿ 45 ದಿನದ ಸುಮಾರಿಗೆ ಬಂದರು. ಮೂರನೆಯವರು ಸಿಟ್ಟು ಮಾಡ್ಕೊಂಡು ಬೇರೆ ಭಟ್ಟಿಗೆ ಹೋದರು, ಅವರಿಂದ ಇನ್ನೂ 90 ಸಾವಿರ ಬರಬೇಕು. ಅವರ ಜಾಗಕ್ಕೆ ಮಗ ಆಟೋ ಮಾಡ್ಕೊಂಡು ಮಿರ್ಚಿ ಗಾಡಿಗಳಿಗೂ ಸಣ್ಣ ಅಂಗಡಿಗಳಿಗೂ ತಾನೇ ಮಾಲು ಹಾಕೋಕೆ ಶುರು ಮಾಡಿದ, ಹೋದ ವ್ಯಾಪಾರದಲ್ಲಿ ಮುಕ್ಕಾಲು ಭಾಗ ವಾಪಸ್ ಬಂತು. ನಾಲ್ಕು ತಿಂಗಳಿಗೆ ಉದ್ರಿ 9.6 ಲಕ್ಷದಿಂದ 6.3ಕ್ಕೆ ಇಳೀತು, ಅದರಲ್ಲಿ 3 ಲಕ್ಷ ಕೈಸಾಲ ತೀರಿತು.

ವೈವಾದಲ್ಲಿ ಹೊರಗಿಂದ ಬಂದ ಎಕ್ಸಾಮಿನರ್ ಕೇಳಿದ ಪ್ರಶ್ನೆ, ಲಾಭ ಎಷ್ಟು ಜಾಸ್ತಿ ಆಯ್ತಮ್ಮಾ ಅಂತ. ಅವಳು ಹೇಳಿದ್ದು, ಆಗಿಲ್ಲ ಸರ್. ಬಡ್ಡಿ ತಿಂಗಳಿಗೆ 6 ಸಾವಿರ ಉಳೀತು, ಆದ್ರೆ ರಿಯಾಯಿತಿಗೆ 1,600, ಹೋದ ಗಿರಾಕಿಯಿಂದ 2 ಸಾವಿರ, ಆಟೋ ಖರ್ಚು 2,500, ಅಲ್ಲಿಗಲ್ಲಿಗೇ ಸರಿಹೋಯ್ತು. ಬದಲಾಗಿದ್ದು ಏನಂದ್ರೆ ಶನಿವಾರದ ಬಟವಾಡೆಗೆ ಕೈಗಡ ತರೋದು ನಿಂತಿದೆ. ಉತ್ತರ ಕೇಳಿ ನನಗೆ ಹೆಮ್ಮೆ ಆಯ್ತು. ಅಂಕಿ ತಿದ್ದಿ 15 ಪರ್ಸೆಂಟ್ ಲಾಭ ಅಂತ ಹೇಳಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.

ಎರಡು ವಿಷಯ ಇನ್ನೂ ಬಾಕಿ ಇವೆ. ಒಂದು ಬ್ಯಾಂಕು. ಆರ್‌ಬಿಐ ನೇಮಿಸಿದ್ದ ನಾಯಕ್ ಸಮಿತಿ ಸೂತ್ರದಲ್ಲಿ ಸಣ್ಣ ಉದ್ಯಮಕ್ಕೆ ವರ್ಷದ ವಹಿವಾಟಿನ 25 ಪರ್ಸೆಂಟ್ ದುಡಿಯೋ ಬಂಡವಾಳ ಬೇಕು ಅಂತ ಲೆಕ್ಕ, ಅದರಲ್ಲಿ 20 ಬ್ಯಾಂಕಿಂದ, 5 ಸ್ವಂತದ್ದು. 72 ಲಕ್ಷಕ್ಕೆ 25 ಪರ್ಸೆಂಟ್ ಅಂದ್ರೆ ಸರಿಯಾಗಿ 18 ಲಕ್ಷ, ಬ್ಯಾಂಕಿಂದ 14.4 ಸಿಗಬೇಕಿತ್ತು. ಸಿಕ್ಕಿರೋದು 8, ಯಾಕಂದ್ರೆ ಬ್ಯಾಂಕ್ ಖಾತೆ ಮೂಲಕ ಹಾದಿದ್ದು 40 ಲಕ್ಷ ಮಾತ್ರ, ಉಳಿದಿದ್ದು ನಗದು ಇಲ್ಲಾ ಮಗನ ಅಕೌಂಟು. ಜಿಎಸ್‌ಟಿ ಇಲ್ಲದ ಮಾಲು, ರಿಟರ್ನ್ಸ್ ತೋರಿಸೋ ದಾರಿನೂ ಇಲ್ಲ. ಈಗ ಎಲ್ಲಾ ಕ್ಯೂಆರ್ ಕೋಡೂ ಭಟ್ಟಿಯ ಕರೆಂಟ್ ಅಕೌಂಟಿಗೇ ಮಾಡಿಸಿದ್ದಾರೆ, ಒಂದು ವರ್ಷದ ವಹಿವಾಟು ಕಾಣಿಸಿದ ಮೇಲೆ ಲಿಮಿಟ್ ಜಾಸ್ತಿ ಮಾಡೋಕೆ ಕೇಳೋದು. ಇದನ್ನ ಅವರು ಹತ್ತು ವರ್ಷದ ಹಿಂದೆನೇ ಮಾಡಬೇಕಿತ್ತು ಅಂತ ಸಂಕಟ ಆಗುತ್ತೆ, ಆದ್ರೆ ಅವರಿಗೆ ಹೇಳೋರು ಯಾರಿದ್ರು.

ಇನ್ನೊಂದು ಭತ್ತ. 75 ದಿನದ ಸ್ಟಾಕ್ ಕಮ್ಮಿ ಮಾಡಿ ಅಂದ್ರೆ ಯಜಮಾನರು ಸುತಾರಾಂ ಒಪ್ಪಲ್ಲ. 2023ರ ಬರ ನೋಡಿದವರು, ಭದ್ರಾ ಡ್ಯಾಮ್ ತುಂಬದಿದ್ರೆ ಬೇಸಿಗೆ ಬೆಳೆ ಏನಾಗುತ್ತೆ ಅಂತ ಅವರಿಗೆ ಯಾರೂ ಹೇಳ್ಬೇಕಾಗಿಲ್ಲ, ಒಂದೇ ರಾಶಿಯ ಭತ್ತ ಆದ್ರೆ ಮಂಡಕ್ಕಿ ಒಂದೇ ಸಮ ಉಬ್ಬುತ್ತೆ ಅಂತಾನೂ ಹೇಳ್ತಾರೆ. ಹುಡುಗಿ ಅವರಿಗೆ ಒಂದು ಅಳತೆ ಮಾತ್ರ ಕೊಟ್ಟಿದ್ದಾಳೆ. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300 ಇಟ್ಕೊಂಡ್ರೆ, ಕೈಸಾಲದಲ್ಲಿ ತಂದ ಭತ್ತಕ್ಕೆ ಎರಡೂವರೆ ತಿಂಗಳಿಗೆ 115 ರೂಪಾಯಿ ಬಡ್ಡಿ. ಅಷ್ಟು ದಿನದಲ್ಲಿ ರೇಟ್ 115ಕ್ಕಿಂತ ಜಾಸ್ತಿ ಏರೋ ಹಂಗಿದ್ರೆ ತುಂಬ್ಕೊಳ್ಳಿ, ಇಲ್ಲಾಂದ್ರೆ ಬೇಡ. ಸ್ವಂತ ದುಡ್ಡಲ್ಲಿ ತರೋದಕ್ಕೆ ಲೆಕ್ಕ ಬೇರೆ, ಸಿಸಿಯಲ್ಲಿ ತರೋದಕ್ಕೆ ಬೇರೆ, ಮೂರನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗಲ್ಲಾಪೆಟ್ಟಿಗೆ ಒಳಗೆ ಅಂಟಿಸಿ ಬಂದಿದ್ದಾಳೆ. ಈ ಸಲದ ಸುಗ್ಗಿಗೆ ಅವರು ಎಷ್ಟು ಚೀಲ ತಗೋತಾರೆ ಅನ್ನೋದನ್ನ ಮುಂದಿನ ಬ್ಯಾಚಿನ ಒಬ್ಬ ಹುಡುಗ ಬರ್ಕೋತಿದ್ದಾನೆ, ಅದೇ ಎರಡು ತಾರೀಖಿನ ಎಕ್ಸೆಲ್ ಶೀಟಲ್ಲಿ.